ಎರಡು ರೂಪಾಯಿಯ ರಬ್ಬರು

ಬಂದರಿನಿಂದ ಬೆಂಗ್ರೆಗೆ ದಾಟುವ ಮೂರನೇ ದೋಣಿಯಲ್ಲಿ
ಖಾಲಿ ಮೀನುಬುಟ್ಟಿಗಳ ನಡುವೆ ನಾನು.
ತೊಡೆಯ ಮೇಲೆ ಚೀಲ:
ಸ್ಕ್ರೂಡ್ರೈವರು, ಪೇಂಟಿನ ಬ್ರಷ್ಷು,
ನಾಣ್ಯದಗಲದ ಬ್ಯಾಟರಿ ನಾಲ್ಕು,
ಶಾಲೆ ಮಕ್ಕಳ ರಬ್ಬರು ಒಂದು.
"ಯಾರಿಗೆ ಹುಷಾರಿಲ್ಲ?" ಅಂದ ದೋಣಿಯವ.
ಕಂಪೌಂಡರನೆಂದುಕೊಂಡಿರಬೇಕು.
ತಪ್ಪೇನಲ್ಲ.

ರಾಜೀವಿಯಕ್ಕನ ಕಂಪ್ಯೂಟರು
ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಪರದೆ ಕಪ್ಪು.
"ಕಣ್ಣು ಬಿದ್ದಿದೆ ಅದಕ್ಕೆ."
ಕಣ್ಣಲ್ಲ ಅಕ್ಕ, ಉಪ್ಪು.
ಕಿಟಕಿಯ ಸರಳು ತಿಂದು, ಗೇಟಿನ ಚಿಲಕ ತಿಂದು,
ಹೊಲಿಗೆ ಮಿಷನ್ನಿನ ಪೆಡಲು ತಿಂದು
ಹಸಿವು ತೀರದೆ ಒಳಗೆ ಬಂದು
ರ‍್ಯಾಮಿನ ಚಿನ್ನದ ಹಲ್ಲಿಗೆ ಬಾಯಿ ಹಾಕಿದೆ.

ನೋಡಿ ಕಲಿತುಕೊಳ್ಳಿ, ಮುಂದಿನ ಸಲ ನನಗೆ ಕೊಡುವ ದುಡ್ಡು ಉಳಿಯುತ್ತದೆ.
ಮೊದಲು ಪ್ಲಗ್ಗು ಕೀಳಬೇಕು, ಸ್ವಿಚ್ಚು ಆರಿಸಿದರೆ ಸಾಲದು.
ಡಬ್ಬದ ಬರಿಗಬ್ಬಿಣವನ್ನೊಮ್ಮೆ ಮುಟ್ಟಬೇಕು,
ನಮ್ಮ ಮೈಯಲ್ಲೂ ಸಣ್ಣದೊಂದು ಮಿಂಚಿರುತ್ತದೆ.
ಆಮೇಲೆ ರಬ್ಬರು. ಒಂದೇ ದಿಕ್ಕಿಗೆ, ಮೆಲ್ಲಗೆ,
ಮಗು ತಪ್ಪು ಮಾಡಿದ ಲೆಕ್ಕವನ್ನು
ಹಾಳೆ ಹರಿಯದ ಹಾಗೆ ಅಳಿಸುತ್ತೀರಲ್ಲ,
ಹಾಗೆ.

ಫ್ಯಾನಿನ ಬುಡದಲ್ಲಿ ಹಲ್ಲಿಯ ಮೊಟ್ಟೆ ಎರಡು.
ಅಕ್ಕ ಅವನ್ನು ಚಮಚದಲ್ಲೆತ್ತಿ
ದಾಸವಾಳದ ಕುಂಡಕ್ಕೆ ದಾಟಿಸಿ ಬರುವವರೆಗೆ
ದುರಸ್ತಿ ನಿಂತಿತ್ತು.

ಬ್ಯಾಟರಿಯೂ ಸತ್ತಿತ್ತು.
ದಿನಾ ಬೆಳಿಗ್ಗೆ ಎರಡು ಸಾವಿರದ ಒಂಬತ್ತಕ್ಕೇ
ಎದ್ದು ಕೂರುತ್ತಿತ್ತಂತೆ ಯಂತ್ರ.
"ನನಗೂ ಹಾಗೆ ಆಗುವುದುಂಟು," ಅಂದರು ಅಕ್ಕ,
"ಆದರೆ ಬಡ್ಡಿಯ ಲೆಕ್ಕ ತಪ್ಪುವುದಿಲ್ಲ ನನಗೆ."
ಇಪ್ಪತ್ತೆರಡು ಹೆಂಗಸರ ಉಳಿತಾಯ ಅದರೊಳಗೆ,
ಮೀನು ಮಾರಿದ ಹತ್ತು, ಸಿಗಡಿ ಸುಲಿದ ಇಪ್ಪತ್ತು.

ಇನ್ನೊಂದು ಪ್ರತಿ ಎಲ್ಲಿದೆ?
"ಎಂತ ಪ್ರತಿ?"
ಚೀಲದಿಂದ ಪೆನ್‌ಡ್ರೈವ್ ತೆಗೆದೆ.
ಇದನ್ನು ಕಂಪ್ಯೂಟರಿನ ಪಕ್ಕ ಇಡಬೇಡಿ, ಅಕ್ಕಿ ಡಬ್ಬದಲ್ಲೂ ಬೇಡ,
ತಂಗಿಯ ಮನೆಗೆ ಕಳಿಸಿ.
ಗುಡುಗಿದರೆ ಕರೆಂಟಿನ ವೈರು ಮಾತ್ರವಲ್ಲ,
ನೆಟ್ಟಿನ ವೈರೂ ಕೀಳಿ. ಮಿಂಚಿಗೆ ಎರಡೂ ದಾರಿಯೇ.

ಬ್ಯಾಂಕಿನಿಂದ ಅಂತ ಯಾರಾದರೂ ಫೋನು ಮಾಡಿದರೆ?
"ಮಾಡಿದ್ದ. ನಿಮ್ಮ ಕಂಪ್ಯೂಟರಿಗೆ ವೈರಸ್ಸು,
ನಂಬರ್ ಹೇಳಿ ಅಂತ ಹಿಂದಿಯಲ್ಲಿ.
ಬಂಗುಡೆ ಬೋಡಾ ಅಂತ ಕೇಳಿದೆ.
ಕಾಲು ಗಂಟೆ ಕೇಳಿದೆ. ಅವನೇ ಇಟ್ಟ."
ಇದಕ್ಕಿಂತ ಒಳ್ಳೆ ಬೀಗ
ನನ್ನ ಚೀಲದಲ್ಲಿಲ್ಲ.

ಪರದೆ ಬೆಳಗಿತು. ಪಾಸ್‌ವರ್ಡ್ ಕೇಳಿತು.
ಅಕ್ಕ ಮಾನಿಟರು ತಿರುಗಿಸಿದರು:
ಬೆನ್ನ ಮೇಲೆ ಪೆನ್ಸಿಲಲ್ಲಿ, ದುಂಡಗೆ, ಬರೆದಿತ್ತು.
ಏನೆಂದು ಇಲ್ಲಿ ಹೇಳುವುದಿಲ್ಲ.
ಇದು ಬೇಡ ಅಕ್ಕ, ಬದಲಾಯಿಸಿ, ಅಂದೆ.
ಅವರು ನನ್ನ ಕೈಯ ರಬ್ಬರು ಕಸಿದು ತಾವೇ ಉಜ್ಜಿದರು,
ಒಂದೇ ದಿಕ್ಕಿಗೆ.
ಪುಡಿ ಊದಿ, ನನ್ನ ಹಣೆಯನ್ನೇ ನೋಡುತ್ತ,
"ಇಲ್ಲಿಯದು ಹೋಯಿತು ಗಿಲ್ಬರ್ಟ್.
ನಿನ್ನ ತಲೆಯಲ್ಲಿರುವುದನ್ನು
ಎಂತದರಲ್ಲಿ ಉಜ್ಜುವುದು?"

ಹದಿನೇಳು ವರ್ಷದ ಕಸುಬು.
ಎಷ್ಟು ಮನೆಯ ಚಿಲಕ ನನ್ನೊಳಗೆ:
ನಾಯಿಯ ಹೆಸರು, ಸತ್ತ ಮಗುವಿನ ಜನ್ಮದಿನ,
ಹೆಂಡತಿಯದಲ್ಲದ ಹೆಸರು ಕೆಲವು.
ಯಾರೂ ಕೇಳಿರಲಿಲ್ಲ.

ಹೊಸದು ಹಾಕಿ, ನೋಡುವುದಿಲ್ಲ, ಎಂದು
ಗೋಡೆಯ ಕಡೆ ತಿರುಗಿ ನಿಂತೆ.
ಕಿಟಕಿಯಾಚೆ ಕೊನೆಯ ದೋಣಿ ಹಗ್ಗ ಬಿಚ್ಚುತ್ತಿತ್ತು.
ಹಿಂದೆ ಕೀಲಿಗಳ ಸದ್ದು, ಒಂದೇ ಬೆರಳಿನದು,
ನಡುವೆ ಯೋಚನೆ, ಮತ್ತೆ ಸದ್ದು.

ಕಣ್ಣು ಮುಚ್ಚಿದ್ದೆ.
ಕಿವಿ ಎಣಿಸಿಯೇ ಬಿಟ್ಟಿತು,
ಹನ್ನೊಂದು.